ಕಾಣದ ಜೀವಕ್ಕೆ ಅಭಯ

2017ರ ಫೆಬ್ರವರಿಯಲ್ಲಿ ಕರ್ನಾಟಕದ ಶಾಲೆಗಳಲ್ಲಿ ದಡಾರ ಮತ್ತು ರುಬೆಲ್ಲಾ ರೋಗಗಳ ವಿರುದ್ಧ ಲಸಿಕೆಯ ಅಭಿಯಾನ ಆರಂಭವಾಯಿತು. 9 ತಿಂಗಳು ತುಂಬಿದ ಕೂಸಿನಿಂದ ಹಿಡಿದು 15 ವರ್ಷದೊಳಗಿನ ಎಲ್ಲ ಮಕ್ಕಳಿಗೂ, ಹಿಂದೆ ಹಾಕಿಸಿರಲಿ ಬಿಡಲಿ, ಒಂದು ಚುಚ್ಚುಮದ್ದು ಕೊಡುವುದು ಅದರ ಕ್ರಮ. ಆ ದಿನಗಳಲ್ಲಿ ಮೊಬೈಲುಗಳ ಮೂಲಕ ಹಬ್ಬಿದ ಗಾಳಿಮಾತುಗಳು ಹಲವು. ಅವುಗಳಿಗೆ ವೈದ್ಯರು ಉತ್ತರ ಕೊಟ್ಟರು. ಆದರೆ ಶ್ರಾವಕರ ಮನೆಗಳಲ್ಲಿ ಏಳಬಹುದಾದ ಪ್ರಶ್ನೆ ಗಾಳಿಮಾತಿನದಲ್ಲ. ಅದು ವ್ರತಕ್ಕೆ ಸಂಬಂಧಿಸಿದ್ದು, ಮತ್ತು ವೈದ್ಯರಷ್ಟೇ ಉತ್ತರಿಸಬಲ್ಲದ್ದಲ್ಲ.

ಅಂಥ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಸೂರ್ಯಾಸ್ತದೊಳಗೆ ಊಟ, ಸೋಸಿದ ನೀರು, ಕಂದಮೂಲಗಳ ತ್ಯಾಗ, ಅಷ್ಟಮಿ ಚತುರ್ದಶಿಗಳ ಉಪವಾಸ, ಇವನ್ನೆಲ್ಲ ಬಿಡದೆ ನಡೆಸಿಕೊಂಡು ಬಂದ ಅಜ್ಜಿ. ಆರು ವರ್ಷದ ಮೊಮ್ಮಗ. ಶಾಲೆಯಿಂದ ಬಂದ ಒಪ್ಪಿಗೆಯ ಚೀಟಿಯನ್ನು ಕೈಯಲ್ಲಿ ಹಿಡಿದ ಸೊಸೆ. “ಅದರಲ್ಲಿ ಏನು ಹಾಕಿರುತ್ತಾರಮ್ಮಾ? ಯಾವ ಜೀವವನ್ನು ಕೊಂದು ಮಾಡಿರುತ್ತಾರೆ?” ಎಂದು ಅಜ್ಜಿ ಕೇಳುತ್ತಾರೆ. “ಅತ್ತೆಯವರೇ, ನನಗೂ ಗೊತ್ತಿಲ್ಲ, ಆದರೆ ಹಾಕಿಸದಿದ್ದರೆ ಮಗುವಿಗೆ ಏನಾದರೂ ಆದರೆ?” ಎನ್ನುತ್ತಾಳೆ ಸೊಸೆ. ಇಬ್ಬರ ಮಾತಿನಲ್ಲಿಯೂ ಅಹಿಂಸೆಯೇ ಇದೆ. ಒಬ್ಬರು ಕಾಣದ ಪ್ರಾಣಿಗಾಗಿ ಅಂಜುತ್ತಾರೆ, ಮತ್ತೊಬ್ಬಳು ಕಣ್ಣೆದುರಿನ ಮಗುವಿಗಾಗಿ. ಹೀಗಿರುವಲ್ಲಿ ಅಜ್ಜಿಯ ಪ್ರಶ್ನೆಯನ್ನು ಅಜ್ಞಾನವೆಂದು ನಕ್ಕು ತಳ್ಳಿಹಾಕುವುದು ನ್ಯಾಯವಲ್ಲ. ಆಕೆಯ ಸಂದೇಹಕ್ಕೆ ಚರಿತ್ರೆಯ ಆಧಾರವಿದೆ.

ಲಸಿಕೆಯ ಚರಿತ್ರೆ ಪ್ರಾಣಿಯಿಂದಲೇ ಆರಂಭವಾಗುತ್ತದೆ. 1796ರ ಮೇ 14ರಂದು ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಎಂಬ ವೈದ್ಯ, ಹಾಲು ಕರೆಯುವ ಹೆಂಗಸೊಬ್ಬಳ ಕೈಯಲ್ಲಿ ಎದ್ದಿದ್ದ ಗೋಸಿಡುಬಿನ ಗುಳ್ಳೆಯ ರಸವನ್ನು ಎಂಟು ವರ್ಷದ ಬಾಲಕನ ತೋಳಿಗೆ ಸೇರಿಸಿದ. 1802ರ ಹೊತ್ತಿಗೆ ಆ ರಸ ಮುಂಬಯಿಗೆ ಬಂದಿತು. ಸ್ವಲ್ಪ ಕಾಲದಲ್ಲಿಯೇ ಮೈಸೂರಿನ ಅರಮನೆಗೂ ತಲುಪಿತು. 1805ರ ಸುಮಾರಿಗೆ ಥಾಮಸ್ ಹಿಕಿ ಬರೆದ ಮೈಸೂರು ರಾಣಿಯರ ಚಿತ್ರ ಲಸಿಕೆಯ ಪ್ರಚಾರಕ್ಕಾಗಿಯೇ ಬರೆಯಿಸಿದ್ದೆಂದು ಇತ್ತೀಚಿನ ವಿದ್ವಾಂಸರು ವಾದಿಸಿದ್ದಾರೆ. ಮುಂದೆ ಎಮ್ಮೆಕರುಗಳ ಹೊಟ್ಟೆಯ ಚರ್ಮವನ್ನು ಗೀರಿ, ಅಲ್ಲಿ ರೋಗವನ್ನು ಬೆಳೆಸಿ, ಕೆಲವು ದಿನಗಳ ಬಳಿಕ ಕೆರೆದು ತೆಗೆದ ರಸದಿಂದ ಲಸಿಕೆ ತಯಾರಾಗತೊಡಗಿತು. ಹಳೆಯ ತಲೆಮಾರಿನವರು ‘ದೇವಿ ಹಾಕಿಸುವುದು’ ಎಂದು ಕರೆಯುತ್ತಿದ್ದದ್ದು ಇದನ್ನೇ. ಅವರ ತೋಳಿನ ಮೇಲಿನ ದುಂಡು ಕಲೆಗಳ ಹಿಂದೆ ಒಂದೊಂದು ಕರುವಿನ ನೋವು ಇತ್ತು.

ಹುಚ್ಚುನಾಯಿ ಕಡಿದವರಿಗೆ ಹೊಟ್ಟೆಯ ಸುತ್ತ ಕೊಡುತ್ತಿದ್ದ ಚುಚ್ಚುಮದ್ದು ಕುರಿಯ ಮೆದುಳಿನಿಂದ ತಯಾರಾದದ್ದು. ಕಸೌಲಿ, ಕೂನೂರುಗಳಂಥ ಸಂಸ್ಥೆಗಳಲ್ಲಿ ದಶಕಗಳ ಕಾಲ ಅದು ಉತ್ಪಾದನೆಯಾಯಿತು. ಪೋಲಿಯೊ ಲಸಿಕೆಯ ಕಥೆ ಇನ್ನೂ ಕಠೋರ. 1955ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಆ ಲಸಿಕೆಯ ವೈರಾಣುಗಳನ್ನು ಕೋತಿಗಳ ಮೂತ್ರಪಿಂಡದ ಜೀವಕೋಶಗಳಲ್ಲಿ ಬೆಳೆಸುತ್ತಿದ್ದರು, ಆ ಕೋತಿಗಳಲ್ಲಿ ಬಹುಪಾಲು ಹೋಗುತ್ತಿದ್ದದ್ದು ಭಾರತದಿಂದ. ವರ್ಷಕ್ಕೆ ಲಕ್ಷದ ಲೆಕ್ಕದಲ್ಲಿ ಹಿಡಿದು, ಪಂಜರಗಳಲ್ಲಿ ತುಂಬಿ, ವಿಮಾನಗಳಲ್ಲಿ ಸಾಗಿಸಲಾಯಿತು. ಸಾಗಣೆಯಲ್ಲಿಯೇ ಉಸಿರುಕಟ್ಟಿ ಸತ್ತವೂ ಉಂಟು. 1978ರಲ್ಲಿ ಮೊರಾರ್ಜಿ ದೇಸಾಯಿಯವರ ಸರ್ಕಾರ ಕೋತಿಗಳ ರಫ್ತನ್ನು ನಿಷೇಧಿಸುವವರೆಗೆ ಈ ವ್ಯಾಪಾರ ನಡೆಯಿತು.

ಇದನ್ನೆಲ್ಲ ಮುಚ್ಚಿಟ್ಟು, ‘ಲಸಿಕೆಯಲ್ಲಿ ಹಿಂಸೆಯೇ ಇಲ್ಲ’ ಎಂದು ಸಾಧಿಸಹೊರಡುವವರು ಅಹಿಂಸೆಗೂ ಉಪಕಾರ ಮಾಡುವುದಿಲ್ಲ, ಲಸಿಕೆಗೂ ಮಾಡುವುದಿಲ್ಲ. ಆಚಾರ್ಯರು ಗೃಹಸ್ಥನ ದೃಷ್ಟಿಯಿಂದ ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಅಡುಗೆ, ಕಸಗುಡಿಸುವುದು ಮುಂತಾದವುಗಳಲ್ಲಿ ಆಗುವುದು ಆರಂಭಿ. ಜೀವನೋಪಾಯದಲ್ಲಿ ಆಗುವುದು ಉದ್ಯೋಗಿ. ಆತ್ಮರಕ್ಷಣೆಯಲ್ಲಿ ಆಗುವುದು ವಿರೋಧಿ. ಈ ಮೂರನ್ನೂ ಗೃಹಸ್ಥನು ಸಂಪೂರ್ಣವಾಗಿ ಬಿಡಲಾರ, ಮಿತಗೊಳಿಸಬೇಕು. ಸಂಕಲ್ಪಿ ಹಿಂಸೆಯನ್ನು ಮಾತ್ರ ಬಿಡಲೇಬೇಕು. ಲಸಿಕೆಯ ಹಿಂಸೆಯನ್ನು ವಿರೋಧಿ ಹಿಂಸೆಯೆಂದು ಕರೆದು ಸಮಾಧಾನಪಡುವವರಿದ್ದಾರೆ. ಇದು ಪೂರ್ಣವಾಗಿ ಒಪ್ಪತಕ್ಕ ಮಾತಲ್ಲ. ಮೇಲೆ ಬೀಳುವ ಶತ್ರುವನ್ನು ತಡೆಯುವುದು ವಿರೋಧಿ ಹಿಂಸೆ. ಕಾಡಿನ ಕೋತಿ ಯಾರ ಮೇಲೂ ಬಿದ್ದಿರಲಿಲ್ಲ. ತಿಳಿದು ತಿಳಿದು ಪಂಚೇಂದ್ರಿಯ ಜೀವಿಯೊಂದನ್ನು ಕೊಲ್ಲುವುದು, ಉದ್ದೇಶ ಎಷ್ಟೇ ಉದಾತ್ತವಾಗಿರಲಿ, ಸಂಕಲ್ಪದ ಸಮೀಪಕ್ಕೇ ಬರುತ್ತದೆ.

ಹಾಗಾದರೆ ಅಜ್ಜಿಯ ಪಕ್ಷವೇ ಗೆದ್ದಿತೆ? ಅಷ್ಟು ಬೇಗ ನಿರ್ಣಯಿಸಲಾಗದು. ಮೊದಲನೆಯದಾಗಿ ವಿಚಾರಣೀಯವಾದದ್ದು, ಇಂದು ಆ ಮಗುವಿನ ತೋಳಿಗೆ ಸೇರುವ ಲಸಿಕೆಗೂ ಅಂದಿನ ಕೋತಿಗೂ ಇರುವ ಸಂಬಂಧ ಯಾವ ಬಗೆಯದು ಎಂಬುದು. ಕುರಿಯ ಮೆದುಳಿನ ಲಸಿಕೆಯ ಉತ್ಪಾದನೆ ಭಾರತದಲ್ಲಿ 2004ರ ಕೊನೆಗೆ ನಿಂತಿತು. ಇಂದಿನ ರೇಬೀಸ್ ಲಸಿಕೆಗಳು ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳಿಂದಾಗುತ್ತವೆ. 1962ರಲ್ಲಿ ಜಪಾನಿನ ಚಿಬಾ ವಿಶ್ವವಿದ್ಯಾಲಯದ ಸಂಶೋಧಕರು ಆಫ್ರಿಕದ ಒಂದು ಹಸಿರು ಕೋತಿಯ ಮೂತ್ರಪಿಂಡದಿಂದ ತೆಗೆದ ಜೀವಕೋಶಗಳು ‘ವೀರೋ’ ಎಂಬ ಹೆಸರಿನಿಂದ ಇಂದಿಗೂ ವಿಭಜನೆಗೊಂಡು ಬೆಳೆಯುತ್ತಲೇ ಇವೆ. ಹಲವು ಲಸಿಕೆಗಳಿಗೆ ಅದೇ ಆಧಾರ. ಆ ಒಂದು ಪ್ರಾಣಿಯ ಬಳಿಕ ಆ ಜೀವಕೋಶಗಳಿಗಾಗಿ ಮತ್ತೊಂದು ಕೋತಿ ಸಾಯಬೇಕಾಗಿಲ್ಲ. ಹೆಪಟೈಟಿಸ್-ಬಿ ಲಸಿಕೆ ಯೀಸ್ಟಿನಲ್ಲಿ ತಯಾರಾಗುತ್ತದೆ. ಹಿಂಸೆ ಶೂನ್ಯವಾಗಿದೆಯೆಂದಲ್ಲ. ಜೀವಕೋಶಗಳನ್ನು ಬೆಳೆಸಲು ಕರುವಿನ ರಕ್ತದ ಸೀರಮ್ ಬಳಸುವ ವಿಷಯ 2021ರಲ್ಲಿ ಕೋವಿಡ್ ಲಸಿಕೆಯ ಪ್ರಸಂಗದಲ್ಲಿ ದೇಶವೆಲ್ಲ ಚರ್ಚೆಯಾಯಿತು. ಜ್ವರದ ಕೆಲವು ಲಸಿಕೆಗಳು ಕೋಳಿಮೊಟ್ಟೆಯಲ್ಲಿ ಬೆಳೆಯುತ್ತವೆ. ಆದರೆ ಲಕ್ಷ ಕೋತಿಗಳಿಂದ ಒಂದು ಕೋತಿಗೆ ಇಳಿದದ್ದು ಸಣ್ಣ ಸಂಗತಿಯಲ್ಲ. ಅಣುವ್ರತದ ಭಾಷೆಯಲ್ಲಿ ಇದರ ಹೆಸರು ಪರಿಮಾಣ.

(ಇಲ್ಲಿ ಒಂದು ಮಾತನ್ನು ಸೇರಿಸಬಹುದು. ಲಸಿಕೆಯ ಸೂಜಿಯಲ್ಲಿ ಹಿಂಸೆಯನ್ನು ಹುಡುಕುವ ಮನೆಗಳಲ್ಲಿಯೇ ಪೂಜೆಯ ದಿನ ರೇಷ್ಮೆಯ ಸೀರೆ ಹೊರಬರುತ್ತದೆ. ಒಂದು ಸೀರೆಗೆ ಸಾವಿರಾರು ಗೂಡುಗಳು ಕುದಿಯುವ ನೀರಿಗೆ ಬೀಳುತ್ತವೆ, ಒಳಗಿನ ಜೀವದೊಡನೆ. ಅದಕ್ಕೆ ಪರ್ಯಾಯ ನೂಲು ಅಂಗಡಿಯಲ್ಲಿಯೇ ದೊರೆಯುತ್ತದೆ. ದಡಾರದ ಲಸಿಕೆಗೆ ಪರ್ಯಾಯ ಯಾವ ಅಂಗಡಿಯಲ್ಲಿಯೂ ದೊರೆಯದು.)

ಎರಡನೆಯ ವಿಚಾರ ಇನ್ನೂ ಸೂಕ್ಷ್ಮವಾದದ್ದು. ಶಾಲೆಯಲ್ಲಿ ಆ ಬಾಲಕನಿಗೆ ಕೊಡಲಿರುವ ಚುಚ್ಚುಮದ್ದಿನಲ್ಲಿ ಎರಡು ರೋಗಗಳ ನಿವಾರಣೆಯಿದೆ. ದಡಾರ ಅವನನ್ನೇ ಕೊಲ್ಲಬಲ್ಲದು. ರುಬೆಲ್ಲಾ ಹಾಗಲ್ಲ. ಹುಡುಗನೊಬ್ಬನಿಗೆ ರುಬೆಲ್ಲಾ ಬಂದರೆ ಎರಡು ದಿನ ಮೈ ಬೆಚ್ಚಗಾಗಿ, ಚರ್ಮದ ಮೇಲೆ ಕೆಂಪು ಗಂಧೆ ಎದ್ದು, ತಾನಾಗಿಯೇ ಇಳಿಯುತ್ತದೆ; ಎಷ್ಟೋ ಬಾರಿ ಬಂದದ್ದೇ ತಿಳಿಯುವುದಿಲ್ಲ. ಆದರೆ ಅದೇ ಹುಡುಗ ಕೆಮ್ಮಿದ ಗಾಳಿಯನ್ನು ಪಕ್ಕದ ಮನೆಯ ಬಸುರಿ ಉಸಿರಾಡಿದರೆ, ಆಕೆಗೆ ಮೊದಲ ಮೂರು ತಿಂಗಳು ಮುಗಿಯದಿದ್ದರೆ, ಗರ್ಭಸ್ಥ ಶಿಶುವಿನ ಕಣ್ಣು, ಕಿವಿ, ಹೃದಯಗಳು ರೂಪುಗೊಳ್ಳುವ ಸಮಯದಲ್ಲಿಯೇ ಕೆಡಬಹುದು. 1941ರಲ್ಲಿ ಆಸ್ಟ್ರೇಲಿಯದ ನೇತ್ರವೈದ್ಯ ನಾರ್ಮನ್ ಗ್ರೆಗ್ ಈ ಸಂಬಂಧವನ್ನು ಕಂಡುಹಿಡಿದರು. ಹುಟ್ಟಿನಿಂದಲೇ ಕಣ್ಣಿಗೆ ಪೊರೆ ಬಂದ ಹಸುಗೂಸುಗಳು ಒಂದರ ಹಿಂದೊಂದು ಅವರ ಬಳಿಗೆ ಬರತೊಡಗಿದಾಗ, ಆ ತಾಯಂದಿರಲ್ಲಿ ಹೆಚ್ಚಿನವರು ಬಸಿರಿನ ಆರಂಭದಲ್ಲಿ ರುಬೆಲ್ಲಾದಿಂದ ನರಳಿದ್ದರೆಂಬುದು ಗೊತ್ತಾಯಿತು. 1964-65ರ ಸಾಂಕ್ರಾಮಿಕದಲ್ಲಿ ಅಮೆರಿಕವೊಂದರಲ್ಲಿಯೇ ಸುಮಾರು 20,000 ಶಿಶುಗಳು ಹೀಗೆ ಅಂಗವೈಕಲ್ಯದೊಡನೆ ಹುಟ್ಟಿದವು.

ಅಂದರೆ ಈ ಹುಡುಗನಿಗೆ ರುಬೆಲ್ಲಾ ಲಸಿಕೆಯಿಂದ ಸ್ವಂತ ಲಾಭ ಅತ್ಯಲ್ಪ. ಅವನು ತನ್ನ ತೋಳನ್ನು ಒಡ್ಡುವುದು ಇನ್ನೂ ಹುಟ್ಟದ, ಹೆಸರಿಲ್ಲದ, ಎಂದೂ ಅವನ ಕಣ್ಣಿಗೆ ಬೀಳದಿರಬಹುದಾದ ಜೀವವೊಂದಕ್ಕಾಗಿ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳನ್ನು ಪ್ರತಿಯೊಬ್ಬ ಶ್ರಾವಕನೂ ಬಲ್ಲ. ದಾನವೆಂದರೆ ಸಾಮಾನ್ಯವಾಗಿ ಕೊಡುವವನೂ ಪಡೆಯುವವನೂ ಎದುರುಬದುರು ನಿಂತಿರುತ್ತಾರೆ. ಕೊಟ್ಟವನ ಹೆಸರು ಬಸದಿಯ ಗೋಡೆಯ ಕಲ್ಲಿನ ಮೇಲೂ ಬರುತ್ತದೆ. ಇಲ್ಲಿ ಪಡೆದವನಿಗೆ ತಾನು ಪಡೆದೆನೆಂದೂ ತಿಳಿಯದು, ಕೊಟ್ಟವನಿಗೆ ಯಾರಿಗೆ ಕೊಟ್ಟೆನೆಂದೂ ತಿಳಿಯದು. ಜೀವಗಳು ಪರಸ್ಪರ ಉಪಕಾರದಿಂದ ಬಾಳುತ್ತವೆಯೆಂಬ ಉಮಾಸ್ವಾಮಿಗಳ ತತ್ತ್ವಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ಸುಲಭವಾಗಿ ದೊರೆಯಲಿಕ್ಕಿಲ್ಲ.

ಆದರೆ ಈ ಲಸಿಕೆಯ ಮೂಲದಲ್ಲಿಯೂ ಒಂದು ದುಃಖವಿದೆ. ಅದನ್ನು ಹೇಳದಿರುವುದು ಸತ್ಯಾಣುವ್ರತಕ್ಕೆ ಸಲ್ಲದು. ಇಂದು ಜಗತ್ತಿನಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ರುಬೆಲ್ಲಾ ಲಸಿಕೆಯ ವೈರಾಣು 1964ರ ಸಾಂಕ್ರಾಮಿಕದ ಕಾಲದಲ್ಲಿ, ರೋಗ ತಗುಲಿದ ಕಾರಣ ಗರ್ಭಪಾತವಾದ ಭ್ರೂಣದಿಂದ ದೊರೆತದ್ದು. ಅದನ್ನು ಬೆಳೆಸುವ ಮಾನವ ಜೀವಕೋಶಗಳೂ 1960ರ ದಶಕದಲ್ಲಿ ಗರ್ಭಪಾತವಾದ ಭ್ರೂಣಗಳಿಂದ ಪಡೆದವು. ಗರ್ಭವನ್ನು ಕಾಪಾಡುವ ಔಷಧದ ಹಿಂದೆ ಉಳಿಯದೆ ಹೋದ ಗರ್ಭವಿದೆ. ಇದೇ ಪ್ರಶ್ನೆ ರೋಮನ್ ಕೆಥೊಲಿಕ್ ಧರ್ಮಶಾಸ್ತ್ರಜ್ಞರನ್ನೂ ಕಾಡಿ, ಬೇರೆ ಲಸಿಕೆ ಇಲ್ಲದಿರುವಾಗ ಮಕ್ಕಳ ಹಾಗೂ ಬಸುರಿಯರ ರಕ್ಷಣೆಗಾಗಿ ಇದನ್ನು ಬಳಸಬಹುದೆಂದೂ, ನಿರ್ದೋಷವಾದ ಲಸಿಕೆಗಾಗಿ ಒತ್ತಾಯಿಸಬೇಕೆಂದೂ ವ್ಯಾಟಿಕನ್ನಿನ ಒಂದು ಅಕಾಡೆಮಿ 2005ರಲ್ಲಿ ಅಭಿಪ್ರಾಯಪಟ್ಟಿತು.

ಜೈನಾಚಾರದಲ್ಲಿ ಇಂಥ ಪ್ರಶ್ನೆಯನ್ನು ಅಳೆಯಲು ಕೃತ, ಕಾರಿತ, ಅನುಮೋದಿತ ಎಂಬ ಮೂರು ಅಳತೆಗಳಿವೆ: ತಾನು ಮಾಡಿದ್ದು, ಇತರರಿಂದ ಮಾಡಿಸಿದ್ದು, ಮಾಡಿದ್ದನ್ನು ಮನಸಾ ಮೆಚ್ಚಿದ್ದು. ಆ ಗರ್ಭಪಾತಗಳು ಲಸಿಕೆಗಾಗಿ ನಡೆದವಲ್ಲ. ಆರು ದಶಕಗಳ ಹಿಂದೆ ಬೇರೆ ಕಾರಣಗಳಿಂದ ನಡೆದುಹೋದವು. ಇಂದಿನ ತಾಯಿ ಅದನ್ನು ಮಾಡಲಿಲ್ಲ, ಮಾಡಿಸಲಿಲ್ಲ. ಉಳಿಯುವುದು ಅನುಮೋದನೆ. ಫಲವನ್ನು ಪಡೆಯುವುದೆಲ್ಲವೂ ಮೂಲಕೃತ್ಯದ ಅನುಮೋದನೆಯೆ? ಹಾಗೆಂದರೆ ಯುದ್ಧಕಾಲದಲ್ಲಿ ಹಾಕಿದ ರಸ್ತೆಯಲ್ಲಿ ನಡೆಯುವವನೂ ಯುದ್ಧವನ್ನು ಅನುಮೋದಿಸಿದಂತಾದೀತು. ಅನುಮೋದನೆ ಭಾವದಲ್ಲಿದೆ. ಆ ಭ್ರೂಣವನ್ನು ನೆನೆದು ಮರುಗುವ ಮನಸ್ಸು, ಹಿಂಸೆ ಇನ್ನೂ ಕಡಿಮೆಯಾದ ಲಸಿಕೆ ಬರಲೆಂದು ಬಯಸುವ ಮತ್ತು ಬಾಯಿಬಿಟ್ಟು ಕೇಳುವ ಮನಸ್ಸು, ಅನುಮೋದಿಸಿದ ಮನಸ್ಸಲ್ಲ. ಏನನ್ನೂ ವಿಚಾರಿಸದೆ, ಯಾವುದಕ್ಕೂ ಮರುಗದೆ ತೋಳು ಚಾಚುವವನಿಗಿಂತ ಅಜ್ಜಿಯ ಪ್ರಶ್ನೆಯನ್ನು ಕೇಳಿ ಬಳಿಕ ತೋಳು ಚಾಚುವವನು ಮೇಲು.

ಮೂರನೆಯದು, ಹಾಕಿಸದಿರುವುದು ನಿಜವಾಗಿಯೂ ಅಹಿಂಸೆಯೆ ಎಂಬ ಪ್ರಶ್ನೆ. ಹಿಂಸೆಯ ಲಕ್ಷಣವನ್ನು ಹೇಳುವಾಗ ತತ್ತ್ವಾರ್ಥಸೂತ್ರಕಾರರು ಪ್ರಾಣಹರಣದೊಡನೆ ಪ್ರಮಾದವನ್ನು ಜೋಡಿಸಿದ್ದಾರೆ. ಎಚ್ಚರದಿಂದ ನಡೆಯುವ ಮುನಿಯ ಕಾಲಡಿಗೆ ಕ್ಷುದ್ರಜೀವಿ ಸಿಕ್ಕರೂ ಅವನಿಗೆ ಬಂಧವಿಲ್ಲವೆಂದೂ, ಎಚ್ಚರಗೇಡಿಯು ಯಾವ ಜೀವಿಯನ್ನು ಕೊಲ್ಲದಿದ್ದರೂ ಹಿಂಸಕನೇ ಎಂದೂ ಆಚಾರ್ಯ ಅಮೃತಚಂದ್ರರಂಥವರು ವಿವರಿಸಿದ್ದಾರೆ. ಈ ಅಳತೆಗೋಲಿನಿಂದ ನೋಡಿದರೆ ಕೈಕಟ್ಟಿ ಕುಳಿತದ್ದೂ ನಿರ್ದೋಷವಾಗುವುದಿಲ್ಲ. ದಡಾರ ಅತಿವೇಗವಾಗಿ ಹರಡುವ ರೋಗ. ರೋಗನಿರೋಧವಿಲ್ಲದ ಜನರ ನಡುವೆ ಒಬ್ಬ ರೋಗಿ 12ರಿಂದ 18 ಮಂದಿಗೆ ಅಂಟಿಸಬಲ್ಲ. ನೂರಕ್ಕೆ ಸುಮಾರು 95 ಮಂದಿಗೆ ರೋಗನಿರೋಧವಿದ್ದರೆ ಮಾತ್ರ ಅದರ ಸರಪಣಿ ಕಡಿಯುತ್ತದೆ. ಉಳಿದ ಐವರಲ್ಲಿ ಲಸಿಕೆಯ ವಯಸ್ಸಾಗದ ಹಸುಳೆಗಳಿರುತ್ತಾರೆ, ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವ ಮಕ್ಕಳಿರುತ್ತಾರೆ. ಆ ಐದು ಸ್ಥಾನಗಳು ಅಂಥವರಿಗಾಗಿ ಬಿಟ್ಟ ಸ್ಥಾನಗಳು. ಆರೋಗ್ಯವಂತನಾದವನು ‘ಇಷ್ಟು ದಿನ ನನಗೇನೂ ಆಗಿಲ್ಲ’ ಎಂದು ಅಲ್ಲಿ ಹೋಗಿ ಕುಳಿತರೆ, ಆಸ್ಪತ್ರೆಯ ಹಾಸಿಗೆಯಲ್ಲಿರುವ ಮಗುವನ್ನು ಎಬ್ಬಿಸಿ ತಾನು ಮಲಗಿದಂತೆ. ಊರಿನವರೆಲ್ಲ ಚುಚ್ಚಿಸಿಕೊಂಡು ಕಟ್ಟಿದ ಬೇಲಿಯೊಳಗೆ ಕುಳಿತು ತನ್ನ ವ್ರತವೇ ತನ್ನನ್ನು ಕಾಯಿತು ಎನ್ನುವುದರಲ್ಲಿ ಅದತ್ತಾದಾನದ ಛಾಯೆಯೂ ಇದೆ.

ಮಹಾತ್ಮಾ ಗಾಂಧೀಜಿಯವರು ಈ ವಿಷಯದಲ್ಲಿ ಅಜ್ಜಿಯ ಪಕ್ಷದವರಾಗಿದ್ದರು ಎಂಬುದನ್ನು ಮರೆಯಬಾರದು. ಶ್ರೀಮದ್ ರಾಜಚಂದ್ರರ ಪ್ರಭಾವಕ್ಕೆ ಒಳಗಾಗಿದ್ದ ಅವರು, ಹಸುವಿನ ಮೈಯಿಂದ ಬಂದ ಸಿಡುಬಿನ ಲಸಿಕೆಯನ್ನು ಗೋಮಾಂಸಭಕ್ಷಣೆಗೆ ಸಮೀಪವಾದದ್ದೆಂದು ಎಣಿಸಿ ಬರೆದಿದ್ದಾರೆ. 1930ರ ಆರಂಭದಲ್ಲಿ, ದಂಡಿಯಾತ್ರೆಗೆ ಮುಂಚೆ, ಸಾಬರಮತಿ ಆಶ್ರಮದಲ್ಲಿಯೇ ಸಿಡುಬು ಕಾಣಿಸಿಕೊಂಡು ಮಕ್ಕಳು ಅಸುನೀಗಿದರು. ಅವರು ಬಹಳ ನೊಂದರು. ತಮ್ಮ ನಂಬಿಕೆಯನ್ನು ಬದಲಿಸಲಿಲ್ಲ. ಅವರ ನಿಷ್ಠೆಯನ್ನು ಗೌರವಿಸುತ್ತಲೇ ಇಲ್ಲಿ ಭಿನ್ನಾಭಿಪ್ರಾಯವನ್ನು ಸೂಚಿಸಬೇಕಾಗುತ್ತದೆ. ವ್ರತವನ್ನು ತನಗಾಗಿ ತೆಗೆದುಕೊಳ್ಳಬಹುದು, ಇನ್ನೊಬ್ಬರಿಗಾಗಿ ಅಲ್ಲ. ಎಂಟು ವರ್ಷ ತುಂಬದ ಮಗುವಿಗೆ ವ್ರತಗ್ರಹಣದ ಯೋಗ್ಯತೆಯೇ ಇಲ್ಲವೆಂದು ಪರಂಪರೆ ಹೇಳುವಾಗ, ಒಂಬತ್ತು ತಿಂಗಳ ಕೂಸಿನ ಮೇಲೆ ಪ್ರಾಣಾಂತಿಕವಾಗಬಹುದಾದ ತ್ಯಾಗವೊಂದನ್ನು ಹೇರುವ ಅಧಿಕಾರ ಹಿರಿಯರಿಗೆ ಎಲ್ಲಿಂದ ಬರುತ್ತದೆ?

‘ಬರುವ ಅಸಾತಾವೇದನೀಯ ಕರ್ಮ ಬಂದೇ ಬರುತ್ತದೆ, ಸೂಜಿ ಏನು ಮಾಡೀತು?’ ಎನ್ನುವವರೂ ಇದ್ದಾರೆ. ಇವರು ರಾತ್ರಿ ಮನೆಯ ಬಾಗಿಲಿಗೆ ಬೀಗ ಹಾಕದವರಾಗಿದ್ದರೆ ವಾದವನ್ನು ಮುಂದುವರಿಸಬಹುದಿತ್ತು. ಕರ್ಮದ ಉದಯ ದ್ರವ್ಯ, ಕ್ಷೇತ್ರ, ಕಾಲ, ಭಾವಗಳನ್ನು ಅವಲಂಬಿಸಿದೆಯೆಂದು ಶಾಸ್ತ್ರವೇ ಹೇಳುತ್ತದೆ. ಪುರುಷಾರ್ಥಕ್ಕೆ ಅಲ್ಲಿ ಸ್ಥಾನವಿದೆ. ಕನ್ನಡನಾಡಿನ ಜೈನಪರಂಪರೆ ರೋಗವನ್ನು ಎಂದೂ ಕೈಕಟ್ಟಿ ಸ್ವಾಗತಿಸಿದ್ದಲ್ಲ. ಉಗ್ರಾದಿತ್ಯಾಚಾರ್ಯರು ಒಂಬತ್ತನೆಯ ಶತಮಾನದಲ್ಲಿ ಕಲ್ಯಾಣಕಾರಕವನ್ನು ರಚಿಸಿ, ಮದ್ಯ ಮಾಂಸ ಮಧುಗಳಿಲ್ಲದೆಯೂ ವೈದ್ಯಶಾಸ್ತ್ರ ನಿಲ್ಲಬಲ್ಲದೆಂದು ತೋರಿಸಿದರು. ಔಷಧವನ್ನು ತಿರಸ್ಕರಿಸುವ ಬದಲು ಹಿಂಸೆ ಕಡಿಮೆಯಾದ ಔಷಧವನ್ನು ಹುಡುಕುವುದು ಅವರು ಹಿಡಿದ ದಾರಿ. ಮಂಗರಾಜನ ಖಗೇಂದ್ರಮಣಿದರ್ಪಣ ವಿಷಚಿಕಿತ್ಸೆಯನ್ನು ಕುರಿತದ್ದು. ಕೀರ್ತಿವರ್ಮನ ಗೋವೈದ್ಯ ದನಗಳ ರೋಗಗಳಿಗೆ. ಸಮಂತಭದ್ರಾಚಾರ್ಯರಿಗೆ ಭಸ್ಮಕವ್ಯಾಧಿ ಬಂದು ಅವರು ಸಲ್ಲೇಖನಕ್ಕೆ ಅನುಮತಿ ಬೇಡಿದಾಗ ಗುರುಗಳು ಕೊಡಲಿಲ್ಲವೆಂಬ ಕಥೆ ಪ್ರಸಿದ್ಧವಾದದ್ದು. ವೇಷವನ್ನು ಬಿಟ್ಟು ರೋಗವನ್ನು ಕಳೆದುಕೊಂಡು ಬಂದು ಮತ್ತೆ ದೀಕ್ಷೆ ಪಡೆಯುವಂತೆ ಹೇಳಿದರಂತೆ. ದೇಹ ಬಿಡುವುದಕ್ಕೂ ಕಾಲವಿದೆ, ಕಾಪಾಡುವುದಕ್ಕೂ ಕಾಲವಿದೆ.

ಲಸಿಕೆಯಿಂದ ಪಶುಗಳಿಗೆ ಆದ ಉಪಕಾರವನ್ನು ಈ ಲೆಕ್ಕದಲ್ಲಿ ಸೇರಿಸುವವರು ಕಡಿಮೆ. ದನಗಳ ದೊಡ್ಡರೋಗವೆಂದು ರೈತರು ನಡುಗುತ್ತಿದ್ದ ರಿಂಡರ್‌ಪೆಸ್ಟ್ ಕೊಟ್ಟಿಗೆಗಳನ್ನೇ ಬರಿದು ಮಾಡುತ್ತಿತ್ತು. ದಶಕಗಳ ಲಸಿಕೆಯ ಫಲವಾಗಿ ಅದು ಭೂಮಿಯಿಂದಲೇ ಅಳಿಯಿತೆಂದು 2011ರಲ್ಲಿ ಘೋಷಣೆಯಾಯಿತು. 1980ರಲ್ಲಿ ಸಿಡುಬು, ಆ ಬಳಿಕ ಇದು. ಮಾನವಪ್ರಯತ್ನದಿಂದ ಸಂಪೂರ್ಣವಾಗಿ ಅಳಿದ ಎರಡೇ ರೋಗಗಳು. ಗೋಶಾಲೆಗಳನ್ನು ನಡೆಸುವ ಟ್ರಸ್ಟುಗಳು 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ಹಸುಗಳಿಗೆ ಲಸಿಕೆ ಹಾಕಿಸಲು ಹಿಂದೆಮುಂದೆ ನೋಡಬೇಕಾಗಿರಲಿಲ್ಲ. ನಾಯಿಗಳಿಗೆ ಹಾಕುವ ರೇಬೀಸ್ ಲಸಿಕೆ ಮನುಷ್ಯನನ್ನು ಕಾಯುವುದರ ಜೊತೆಗೆ, ಭಯಗೊಂಡ ಜನ ಬೀದಿನಾಯಿಗಳನ್ನು ಬಡಿದು ಕೊಲ್ಲುವುದನ್ನೂ ತಪ್ಪಿಸುತ್ತದೆ.

ಲಸಿಕೆಯಿಂದಲೇ ತೊಂದರೆಯಾಗುವುದಿಲ್ಲವೆ? ಆಗುತ್ತದೆ, ಬಹು ವಿರಳವಾಗಿ. ಪೋಲಿಯೊ ಹನಿಯಲ್ಲಿರುವ ಜೀವಂತ ವೈರಾಣು ಸುಮಾರು 27 ಲಕ್ಷ ಮೊದಲ ಡೋಸುಗಳಿಗೆ ಒಂದರಂತೆ ಮಗುವಿಗೆ ಪಾರ್ಶ್ವವಾಯುವನ್ನು ತಂದದ್ದುಂಟು. ಆ ಮಗುವಿನ ತಾಯಿಗೆ 27 ಲಕ್ಷದ ಲೆಕ್ಕ ಹೇಳಿ ಸಮಾಧಾನ ಮಾಡಲಾಗದು. ಅನೇಕಾಂತವೆಂದರೆ ಎಲ್ಲರ ಮಾತೂ ಸಮವೆಂದಲ್ಲ. ಯಾವ ದೃಷ್ಟಿಯಿಂದ, ಎಷ್ಟರಮಟ್ಟಿಗೆ ಎಂದು ಕೇಳುವುದು. ಒಂದು ಕಾಲಕ್ಕೆ ಸಾವಿರಾರು ಮಕ್ಕಳನ್ನು ಕುಂಟಾಗಿಸುತ್ತಿದ್ದ ರೋಗ ಭಾರತದಲ್ಲಿ 2011ರ ಜನವರಿಯ ಒಂದು ಪ್ರಕರಣದೊಡನೆ ಕೊನೆಗೊಂಡದ್ದೂ ನಿಜ, ಅದನ್ನು ಕೊನೆಗೊಳಿಸಿದ ಹನಿ ಕೆಲವರನ್ನು ನೋಯಿಸಿದ್ದೂ ನಿಜ. ಆ ಕಾರಣದಿಂದಲೇ 2015ರಿಂದ ನಿರ್ಜೀವ ವೈರಾಣುವಿನ ಚುಚ್ಚುಮದ್ದನ್ನು ಸೇರಿಸಿ, 2016ರಲ್ಲಿ ಹನಿಯ ಘಟಕಗಳನ್ನೂ ಬದಲಿಸಲಾಯಿತು. ನೊಂದ ಕುಟುಂಬದ ಹೊಣೆಯನ್ನು ಸಮಾಜ ಹೊರಬೇಕಾದದ್ದು ಕರುಣೆಯಿಂದಲ್ಲ, ಋಣದಿಂದ. ಈ ವಿಷಯದಲ್ಲಿ ನಮ್ಮ ದೇಶದ ವ್ಯವಸ್ಥೆ ಇನ್ನೂ ದುರ್ಬಲವೆಂದೇ ಹೇಳಬೇಕು.

ಮತ್ತೆ ಆ ಮನೆಗೆ ಬರುವುದಾದರೆ, ಒಪ್ಪಿಗೆಯ ಚೀಟಿ ಇನ್ನೂ ಮೇಜಿನ ಮೇಲಿದೆ. ಪಕ್ಕದ ಮನೆಯ ಹುಡುಗಿ ಚೊಚ್ಚಲ ಬಸಿರಿಗೆ ತವರಿಗೆ ಬಂದಿದ್ದಾಳೆ, ಎರಡು ತಿಂಗಳು. ವಾಂತಿ ಹೆಚ್ಚೆಂದು ಅಜ್ಜಿಯೇ ದಿನವೂ ನಿಂಬೆಯ ಪಾನಕ ಮಾಡಿ ಕಳುಹಿಸುತ್ತಾರೆ, ತೆಗೆದುಕೊಂಡು ಹೋಗುವವನು ಮೊಮ್ಮಗ. ಸೊಸೆ ಆ ರೋಗದ ಸಂಗತಿಯನ್ನು ಶಾಲೆಯಲ್ಲಿ ಕೇಳಿ ಬಂದು ಹೇಳಿದಾಗ ಅಜ್ಜಿ ಬಹಳ ಹೊತ್ತು ಮಾತನಾಡುವುದಿಲ್ಲ. ಬಳಿಕ “ಯಾವ ದಿನ ಹಾಕುತ್ತಾರಂತೆ?” ಎಂದು ಕೇಳುತ್ತಾರೆ. ಗುರುವಾರ ಎಂದು ತಿಳಿದ ಮೇಲೆ, ಅಂದು ಸಂಜೆಯ ಪ್ರತಿಕ್ರಮಣದಲ್ಲಿ ಹೆಸರು ತಿಳಿಯದ ಆ ಜೀವಗಳಿಗೂ ಕ್ಷಮೆ ಕೇಳಬೇಕೆಂದು ಹೇಳಿ, ಚೀಟಿಗೆ ಸಹಿ ಹಾಕಲು ಸೊಸೆಗೆ ಲೇಖನಿಯನ್ನು ಹುಡುಕಿ ಕೊಡುತ್ತಾರೆ.